ಬೇಳೆ ಬೇಯುವ ನೀರು

ನಮ್ಮೂರು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾನು ಚಿಕ್ಕವನಿದ್ದಾಗ ಅಲ್ಲಿ ಎರಡು ಸೇದೋ ಬಾವಿಗಳಿದ್ದವು. ಒಂದು ಸಿಹಿನೀರು ಬಾವಿ, ಇನ್ನೊಂದು ಸವುಳು ಬಾವಿ. ಎರಡಕ್ಕೂ ಇನ್ನೂರು ಹೆಜ್ಜೆಯ ಅಂತರವಿದ್ದರೆ ಹೆಚ್ಚು. ಸವುಳು ಬಾವಿಯ ನೀರು ದನಕ್ಕೆ, ಪಾತ್ರೆ ತೊಳೆಯೋದಕ್ಕೆ, ಬಚ್ಚಲಿಗೆ. ಅದರಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ಸಿಹಿನೀರು ಬಾವಿಗೆ ಮಾತ್ರ ಬೆಳಗ್ಗೆ ನಾಲ್ಕಕ್ಕೇ ಕೊಡಗಳ ಸಾಲು.

ನಮ್ಮಜ್ಜಿಗೆ ನೀರು ಪರೀಕ್ಷೆ ಮಾಡುವ ವಿದ್ಯೆ ಗೊತ್ತಿತ್ತು. ಹೊಸ ನೀರು ಎಲ್ಲಿಂದ ಬಂದರೂ ಒಂದು ಹಿಡಿ ತೊಗರಿಬೇಳೆ ಹಾಕಿ ಒಲೆ ಮೇಲಿಡುತ್ತಿದ್ದಳು. ಬೇಳೆ ಕರಗಿ ಪಪ್ಪಾದರೆ ನೀರು ಪಾಸು. ಎಷ್ಟು ಬೆಂದರೂ ಗಟ್ಟಿ ಕಾಳಾಗೇ ಕೂತರೆ ಫೇಲು. ಮನೆಯ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕೊಡುವ ಮಾತು ಬಂದಾಗಲೂ ಅವಳ ಮೊದಲ ಪ್ರಶ್ನೆ ಹೊಲ ಎಷ್ಟೆಕರೆ ಎಂದಲ್ಲ, "ಆ ಊರ್ ನೀರಾಗೆ ಬೇಳೆ ಬೇಯ್ತಾವಾ?" ಅಂತ. ನಿಮ್ಮಲ್ಲೂ ಇಂಥ ಅಜ್ಜಿಯರಿದ್ದಿರಬೇಕು.

ಈ ಬೇಳೆ ಪರೀಕ್ಷೆ ತುಂಬಾ ಕಾಲ ನಮ್ಮನ್ನು ಕಾಪಾಡಿತು. ಆಮೇಲೆ ಒಂದು ದಿನ ಅದೇ ನಮಗೆ ಕೈಕೊಟ್ಟಿತು. ಹೇಗೆ ಕೈಕೊಟ್ಟಿತು ಅನ್ನುವುದು ನಮ್ಮ ನಾಲ್ಕೂ ತಾಲ್ಲೂಕುಗಳ (ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ) ನೀರಿನ ಇತಿಹಾಸವೇ ಆಗಿದೆ. ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ದುರ್ಗದ ಕೋಟೆ ಹತ್ತಿದವರೆಲ್ಲ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ನೋಡಿರುತ್ತೀರಿ. ಬಂಡೆಗಳ ಮೇಲೆ ಬಿದ್ದ ಮಳೆನೀರು ಮೇಲಿನ ಹೊಂಡ ತುಂಬಿ, ಕೋಡಿಬಿದ್ದು ಕೆಳಗಿನ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಬರುವ ಏರ್ಪಾಡು ಅದು. ಒನಕೆ ಓಬವ್ವನ ಕಿಂಡಿಯ ಹತ್ತಿರ ತಣ್ಣೀರು ದೋಣಿ ಬೇರೆ ಇದೆ. ಕತೆಯಲ್ಲಿ ಓಬವ್ವ ಗಂಡನ ಊಟದ ಹೊತ್ತಿನಲ್ಲಿ ಹೊರಟಿದ್ದೂ ನೀರಿಗೇ. ನಾವು ಒನಕೆಯನ್ನು ನೆನಪಿಟ್ಟುಕೊಂಡು ಕೊಡವನ್ನು ಮರೆತಿದ್ದೇವೆ.

ನನಗೆ ಕುತೂಹಲ ಹುಟ್ಟಿಸಿದ್ದು 'ಸಿಹಿನೀರು ಹೊಂಡ' ಎಂಬ ಹೆಸರು. ಒಂದು ಹೊಂಡಕ್ಕೆ ಸಿಹಿನೀರು ಎಂದು ಹೆಸರಿಡಬೇಕಾದರೆ ಸುತ್ತಮುತ್ತ ಸಿಹಿಯಲ್ಲದ ನೀರೂ ಇದ್ದಿರಲೇಬೇಕಲ್ಲವೇ? ಅಂದರೆ ಆ ಹೆಸರೇ ಒಂದು ಪರೀಕ್ಷಾ ವರದಿ. ಇದರಲ್ಲಿ ವಿಜ್ಞಾನವೂ ಇದೆ. ಬಂಡೆ ಮೇಲೆ ಜಾರಿ ಹೊಂಡ ಸೇರಿದ ಮಳೆನೀರಿಗೆ ಕಲ್ಲಿನ ಲವಣಗಳನ್ನು ಕರಗಿಸಿಕೊಳ್ಳಲು ಪುರುಸೊತ್ತು ಸಿಕ್ಕಿರುವುದಿಲ್ಲ. ನೀರು ಕಲ್ಲಿನ ಜೊತೆ ಎಷ್ಟು ವರ್ಷ ಸಂಸಾರ ಮಾಡಿದೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೋಟೆಯ ಬುಡದ ಚಂದ್ರವಳ್ಳಿಗೆ ಹೋದರೆ ಇನ್ನೂ ಹಿಂದಕ್ಕೆ ಹೋಗುತ್ತೇವೆ. ಅಲ್ಲಿನ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಪ್ರಾಕೃತದಲ್ಲಿ. ಸುಮಾರು ನಾಲ್ಕನೇ ಶತಮಾನದ್ದು. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದರು. ಅವನು ಯಾರ್‍ಯಾರನ್ನು ಗೆದ್ದ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ. ಆದರೆ ಶಾಸನ ಹಾಕಿಸಿದ್ದು ಒಂದು ತಟಾಕಕ್ಕೆ, ಅಂದರೆ ಕೆರೆಗೆ, ಸಂಬಂಧಿಸಿದ ಕೆಲಸಕ್ಕಾಗಿ. ಒಟ್ಟಿನಲ್ಲಿ ಆ ಕಾಲದಿಂದಲೂ ನಮ್ಮ ಕಡೆಯವರು ಬದುಕಿದ್ದು ನೆಲದ ಮೇಲೆ ನಿಂತ ನೀರು ಮತ್ತು ಇಪ್ಪತ್ತು ಮೂವತ್ತಡಿ ಆಳದ ಬಾವಿಯ ನೀರು ನಂಬಿ.

ಬಾವಿಗೆ ಜಾಗ ನೋಡುವ ಶಾಸ್ತ್ರವೂ ಹಳೆಯದೇ. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯ (ಗೊಮ್ಮಟನನ್ನು ಮಾಡಿಸಿದವನಲ್ಲ, ಬೇರೆಯವನು) ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಂತರ್ಜಲ ಹುಡುಕುವುದಕ್ಕೇ ಒಂದು ಭಾಗವಿದೆ. ಅದಕ್ಕೂ ಐದು ಶತಮಾನ ಹಿಂದಿನ ವರಾಹಮಿಹಿರನ 'ಬೃಹತ್ಸಂಹಿತೆ' ಹುತ್ತ, ಮರ, ಮಣ್ಣಿನ ಬಣ್ಣ ನೋಡಿ ನೀರಿನ ಆಳ, ರುಚಿ ಹೇಳುತ್ತದೆ. ನೀರು ಕೆಟ್ಟಿದ್ದರೆ ಲಾವಂಚ, ನೆಲ್ಲಿ, ಚಿಲ್ಲದ ಬೀಜ ಹಾಕಿ ತಿಳಿಗೊಳಿಸುವ ಉಪಾಯವೂ ಇದೆ. ಪರೀಕ್ಷೆಯ ಸಾಧನ ಮಾತ್ರ ಕಣ್ಣು, ಮೂಗು, ನಾಲಿಗೆ.

ನಾಲಿಗೆ ಸವುಳನ್ನು ಖಂಡಿತ ಹಿಡಿಯುತ್ತಿತ್ತು. ನಮ್ಮ ಬಯಲುಸೀಮೆಯಲ್ಲಿ ಸವುಳು ಮಣ್ಣನ್ನು ನೀರಲ್ಲಿ ಕದಡಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಕಸುಬೇ ಇತ್ತು. ಉಪ್ಪಾರರು ಎಂಬ ಹೆಸರು ಬಂದಿದ್ದೇ ಅದರಿಂದ. ಅವರ ಗುರುಪೀಠ ಇರುವುದು ನಮ್ಮ ಹೊಸದುರ್ಗ ತಾಲ್ಲೂಕಿನಲ್ಲೇ, ಗಂಗೆಯನ್ನು ತಂದ ಭಗೀರಥನ ಹೆಸರಿನಲ್ಲಿ. ನೆಲದ ಉಪ್ಪು ತೆಗೆದವರು ಸಿಹಿನೀರು ತಂದವನನ್ನು ಮೂಲಪುರುಷ ಎಂದುಕೊಂಡಿದ್ದಾರೆ!

ನೀರನ್ನು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕಳಿಸುವ ರೂಢಿ ಬೇಸಾಯದ ದಾರಿಯಿಂದಲೂ ಬಂತು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದ್ದು 1907ರಲ್ಲಿ. 30 ಟಿಎಂಸಿ ನೀರು ಹಿಡಿಯುವ ಈ ಅಣೆಕಟ್ಟು ಮೊದಲು ಕೋಡಿಬಿದ್ದಿದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಬಿಟ್ಟು! 2025ರ ಜನವರಿಯಲ್ಲಿ ಮತ್ತೆ ತುಂಬಿತು (2019ರಿಂದ ಭದ್ರಾ ನೀರು ಸೇರುತ್ತಿರುವುದೂ ಕಾರಣ). ಮೈಸೂರು ಸರ್ಕಾರ 1899ರ ಸುಮಾರಿಗೆ ಅಡಾಲ್ಫ್ ಲೇಮನ್ ಎಂಬ ಕೃಷಿ ರಸಾಯನ ತಜ್ಞನನ್ನು ನೇಮಿಸಿ ಬೆಂಗಳೂರಿನಲ್ಲಿ ಪ್ರಯೋಗಾಲಯ ಮಾಡಿಸಿತು. ಮುಂದಿನ ದಶಕಗಳಲ್ಲಿ ಹಿರಿಯೂರಿನ ಬಬ್ಬೂರಿನಲ್ಲೂ ಪ್ರಯೋಗ ಕ್ಷೇತ್ರ ಶುರುವಾಯಿತು. ಇವತ್ತಿಗೂ ಆ ಕಡೆಯ ರೈತರು ಮಣ್ಣು, ನೀರು ಎಂದರೆ 'ಬಬ್ಬೂರ್ ಫಾರಂ' ಕಡೆ ಕೈ ತೋರಿಸುತ್ತಾರೆ.

ಇಷ್ಟರವರೆಗೂ ಅಜ್ಜಿಯ ಬೇಳೆ ಪರೀಕ್ಷೆಗೆ ಸೋಲಿರಲಿಲ್ಲ. ಆಟ ಕೆಟ್ಟಿದ್ದು ಬೋರ್‌ವೆಲ್ ಬಂದ ಮೇಲೆ.

1966-67ರಲ್ಲಿ ಬಿಹಾರದ ಕಡೆ ಭೀಕರ ಬರ ಬಿದ್ದಾಗ ಗಟ್ಟಿ ಕಲ್ಲನ್ನೂ ಕೊರೆಯುವ ರಿಗ್ಗುಗಳನ್ನು ಯುನಿಸೆಫ್ ವಿಮಾನದಲ್ಲಿ ತರಿಸಿತು. ಎಪ್ಪತ್ತರ ದಶಕದಲ್ಲಿ 'ಇಂಡಿಯಾ ಮಾರ್ಕ್-2' ಕೈಪಂಪು ಸಿದ್ಧವಾಯಿತು. 1981ರಿಂದ 1990ನ್ನು ಇಡೀ ಜಗತ್ತೇ ಕುಡಿಯುವ ನೀರಿನ ದಶಕ ಎಂದು ಆಚರಿಸಿತು. ನಮ್ಮ ಹಟ್ಟಿ, ಪಾಳ್ಯಗಳಲ್ಲೂ ಕೈಪಂಪು ಎದ್ದವು. ಇದರಿಂದ ಆದ ಉಪಕಾರ ಸಣ್ಣದಲ್ಲ. ತೆರೆದ ಬಾವಿ, ಕಲ್ಯಾಣಿಗಳ ನೀರಿನಿಂದ ಕಾಲರಾ, ವಾಂತಿಭೇದಿ ಬರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ನಾರುಹುಣ್ಣಿನ ಕಾಟ ಬೇರೆ. ಮೆಟ್ಟಿಲು ಬಾವಿ ಬಿಟ್ಟು ಪಂಪಿನ ನೀರಿಗೆ ಬಂದದ್ದೂ ಸೇರಿ ದೇಶದಿಂದಲೇ ನಾರುಹುಣ್ಣು ಹೋಯಿತು. ಕೊನೆಯ ರೋಗಿ ಕಂಡದ್ದು 1996ರಲ್ಲಿ. ಆಗಿನ ಎಂಜಿನಿಯರುಗಳ ತರ್ಕ ಸರಳವಾಗಿತ್ತು: ಆಳದ ನೀರಿನಲ್ಲಿ ಹುಳ ಇಲ್ಲ, ಹಾಗಾಗಿ ಆಳದ ನೀರು ಒಳ್ಳೆಯದು. ಕಲ್ಲೊಳಗಿನ ರಸಾಯನ ಅವರ ಲೆಕ್ಕದಲ್ಲಿ ಇರಲಿಲ್ಲ.

ಇರಬೇಕಿತ್ತು. ಯಾಕೆಂದರೆ ಸುದ್ದಿ ಆಗಲೇ ಹಳೆಯದು. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿನಲ್ಲಿ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿರುವುದನ್ನು ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1901ರಲ್ಲೇ ಗಮನಿಸಿದ್ದ. ಕಾರಣ ನೀರಿನಲ್ಲಿದೆ ಎಂಬ ಅನುಮಾನವೇನೋ ಬಂತು, ಆದರೆ ನೀರಿನಲ್ಲಿ ಏನಿದೆ ಎಂದು ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು. 1931ರಲ್ಲಿ ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನ ತಜ್ಞ ಚರ್ಚಿಲ್ (ಪ್ರಧಾನಿ ಅಲ್ಲ!) ಅದು ಫ್ಲೋರೈಡ್ ಎಂದು ಪತ್ತೆ ಮಾಡಿದ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಗ್ಗದ, ಕುತ್ತಿಗೆ ತಿರುಗದ ರೈತರನ್ನು ಪರೀಕ್ಷಿಸಿದ ವೈದ್ಯರು ಇದು ಫ್ಲೋರೈಡ್ ಮೂಳೆಗೆ ಇಳಿದ ರೋಗ ಎಂದು ಬರೆದರು.

ನಮ್ಮ ಜಿಲ್ಲೆಯ ಕಲ್ಲು ಭೂಗರ್ಭಶಾಸ್ತ್ರಜ್ಞರಿಗೆ ಹಬ್ಬದೂಟ. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ರಾಷ್ಟ್ರೀಯ ಸ್ಮಾರಕವೇ ಆಗಿದೆ, ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು. ಅದರ ಅಕ್ಕಪಕ್ಕದ ಗ್ರಾನೈಟ್, ನೈಸ್ ಶಿಲೆಗಳಲ್ಲಿ ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿರುತ್ತವೆ, ಅವುಗಳಲ್ಲಿ ಫ್ಲೋರೈಡ್. ಮಳೆ ಕಡಿಮೆ, ಬಿಸಿಲು ಹೆಚ್ಚು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಆರುನೂರು, ಸಾವಿರ ಅಡಿಗೆ ಇಳಿಯಿತು. ಜಿಲ್ಲೆಯ ಬಹುತೇಕ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ 'ಅತಿಬಳಕೆ' ಪಟ್ಟಿ ಸೇರಿದವು. ಅಷ್ಟು ಆಳದ ಬಿರುಕುಗಳಲ್ಲಿ ನೀರು ಕಲ್ಲಿನ ಜೊತೆ ಬಹಳ ಕಾಲ ಸಂಸಾರ ಮಾಡಿರುತ್ತದೆ. ಹೊಂಡದ ನೀರಿಗೆ ತೀರಾ ತದ್ವಿರುದ್ಧ.

ಈಗ ನಮ್ಮ ಚಿಕ್ಕಪ್ಪನ ಬೋರ್‌ವೆಲ್ಲಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪ ದಾಳಿಂಬೆ ಹಾಕಬೇಕೆಂದು ಹೊಸ ಬೋರು ಕೊರೆಸಿದ. ಎರಡು ಫೇಲಾಗಿ ಮೂರನೆಯದರಲ್ಲಿ ನೀರು ಬಂತು. ನಾನು ಊರಿಗೆ ಹೋದಾಗ ಒಂದು ಚೊಂಬು ತಂದು ಕೊಟ್ಟು, "ಕುಡಿದು ನೋಡ್ಲಾ, ಕಲ್ಲುಸಕ್ಕರೆ ಇದ್ದಂಗೈತೆ" ಅಂದ. ನಿಜಕ್ಕೂ ರುಚಿಯಾಗಿತ್ತು. ಚಿಕ್ಕಮ್ಮ, "ಬೇಳೆ ಹಾಕಿದ್ರೆ ಬೆಣ್ಣೆ ಆಗ್ತಾವೆ ಕಣಪ್ಪ, ಅತ್ತೆ ಇದ್ದಿದ್ರೆ ಎಷ್ಟು ಖುಷಿ ಪಡೋರೋ" ಅಂದಳು. ಮನೆಗೂ ಅದೇ ನೀರಿನ ಪೈಪು ಎಳೆಸಿದ್ದರು.

ನನಗೇನೂ ಅನುಮಾನ ಇರಲಿಲ್ಲ. ದಾಳಿಂಬೆಗೆ ಸಾಲ ಬೇಕಿತ್ತು, ಯಾರೋ ನೀರಿನ ವರದಿ ಮಾಡಿಸಿ ಎಂದರು. ಹಾಗಾಗಿ ಮಾಡಿಸಿದೆವು. ವರದಿ ಬಂತು: ಗಡಸುತನ ಕಡಿಮೆ, ಒಟ್ಟು ಲವಣಾಂಶ ಪರವಾಗಿಲ್ಲ, ಆದರೆ ಫ್ಲೋರೈಡ್ ಮಿತಿ ಮೀರಿದೆ. ಅದರ ಕೆಳಗೆ ಇನ್ನೊಂದು ಸಾಲು: ಬೈಕಾರ್ಬೊನೇಟ್ ಹೆಚ್ಚು, ನೀರಾವರಿಗೆ ಸೂಕ್ತವಲ್ಲ. ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ಕಾಗದ ನೋಡಿದೆ. ಇಷ್ಟು ರುಚಿಯಾದ ನೀರಿಗೆ ಇದೆಂಥ ವರದಿ, ಬಾಟಲಿ ಅದಲುಬದಲು ಆಗಿದೆ ಅಂದುಕೊಂಡು ಇನ್ನೊಂದು ಬಾಟಲಿ ಬೇರೆ ಕಡೆ ಕೊಟ್ಟೆವು. ಅದೇ ಫಲಿತಾಂಶ.

ಆಮೇಲೆ ಕೂತು ಓದಿದಾಗ ತಿಳಿದ ವಿಷಯ ನನ್ನನ್ನು ದಂಗುಬಡಿಸಿತು. ಬೇಳೆ ಬೇಯದಿರುವುದಕ್ಕೆ ಕಾರಣ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವು ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಅದೇ ಕ್ಯಾಲ್ಸಿಯಂ ಫ್ಲೋರೈಡನ್ನೂ ಕಟ್ಟಿಹಾಕುತ್ತದೆ. ಎರಡೂ ಸೇರಿದರೆ ಅಷ್ಟು ಸುಲಭವಾಗಿ ಕರಗದ ಪದಾರ್ಥವಾಗುತ್ತದೆ, ಆದ್ದರಿಂದ ಗಡಸು ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಏರುವುದಿಲ್ಲ. ಆಳದಲ್ಲಿ ಬಹಳ ಕಾಲ ನಿಂತ ನೀರು ಕ್ಯಾಲ್ಸಿಯಂ ಕಳೆದುಕೊಂಡು ಸೋಡಿಯಂ, ಬೈಕಾರ್ಬೊನೇಟ್ ತುಂಬಿಕೊಳ್ಳುತ್ತದೆ. ಆಗ ಫ್ಲೋರೈಡನ್ನು ಹಿಡಿಯುವವರು ಯಾರೂ ಇಲ್ಲ. ಈ ಸೋಡಿಯಂ ಬೈಕಾರ್ಬೊನೇಟ್ ಅಂದರೆ ಏನು ಗೊತ್ತೇ? ನಮ್ಮ ಅಡುಗೆ ಸೋಡಾ! ಬೇಳೆ ಬೇಗ ಬೇಯಲೆಂದು ಹೋಟೆಲಿನವರು ಚಿಟಿಕೆ ಹಾಕುತ್ತಾರಲ್ಲ, ಅದೇ. ನೆಲವೇ ಸೋಡಾ ಬೆರೆಸಿ ಕಳಿಸಿದ ನೀರಿನಲ್ಲಿ ಬೇಳೆ ಬೆಣ್ಣೆಯಾಗದೆ ಇನ್ನೇನಾದೀತು? ಅಂದರೆ ಅಜ್ಜಿಯ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದ ಬೋರ್ ನೀರನ್ನೇ ಮೊದಲು ಅನುಮಾನಿಸಬೇಕು. ಅಜ್ಜಿಯ ತಪ್ಪೇನಿಲ್ಲ, ಅವಳ ಪರೀಕ್ಷೆ ಮೂವತ್ತಡಿ ಬಾವಿಗೆ ಬರೆದದ್ದು.

ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮನೆಮನೆಗೆ ಬಂದಿರುವ ಪೆನ್ನಿನಂಥ 'ಟಿಡಿಎಸ್ ಮೀಟರ್' ಇದನ್ನು ಹಿಡಿಯುವುದಿಲ್ಲ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ಒಟ್ಟು ಲವಣ ಅಂದಾಜು ಮಾಡುತ್ತದೆ ಅಷ್ಟೇ. ಫಿಲ್ಟರ್ ಮಾರುವವರು ಅದನ್ನು ಅದ್ದಿ ತೋರಿಸಿ ಹೆದರಿಸುವುದು, ಸಮಾಧಾನ ಮಾಡುವುದು ಎರಡೂ ನಾಟಕ.

ಇನ್ನು ಹೊಲದ ವಿಚಾರ. 1954ರಲ್ಲಿ ಅಮೆರಿಕದ ಲವಣ ಪ್ರಯೋಗಾಲಯದವರು ಒಂದು ಕೈಪಿಡಿ ತಂದರು. ನೀರಿನ ಉಪ್ಪಿನಂಶಕ್ಕೆ ನಾಲ್ಕು ದರ್ಜೆ, ಸೋಡಿಯಂ ಪ್ರಭಾವಕ್ಕೆ ನಾಲ್ಕು ದರ್ಜೆ, ಒಟ್ಟು ಹದಿನಾರು ಮನೆಗಳ ಒಂದು ಚೌಕ (ಚೌಕಾಬಾರ ಇದ್ದಂತೆ). ಇಂದಿಗೂ ನಮ್ಮ ಲ್ಯಾಬುಗಳ ವರದಿಯಲ್ಲಿ ಬರುವ ಸಿ-3, ಎಸ್-1 ಎಂಬ ಗುರುತು ಅದರದ್ದೇ. ಆದರೆ ನಮ್ಮ ಸೋಡಾ ನೀರಿಗೆ ಹೊಂದುವ ಲೆಕ್ಕ ಈಟನ್ ಎಂಬಾತ 1950ರಲ್ಲಿ ಕೊಟ್ಟದ್ದು. ಕಾರ್ಬೊನೇಟ್, ಬೈಕಾರ್ಬೊನೇಟ್ ಎರಡನ್ನೂ ಕೂಡಿ, ಅದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆಯಬೇಕು. ಉಳಿದದ್ದು 1.25ರ ಒಳಗಿದ್ದರೆ ಕ್ಷೇಮ, 2.5 ದಾಟಿದರೆ ಹೊಲಕ್ಕೆ ಬೇಡ. ಯಾಕೆಂದರೆ ಉಳಿದ ಬೈಕಾರ್ಬೊನೇಟ್ ಮಣ್ಣಿನ ಸುಣ್ಣದಂಶವನ್ನೂ ಎಳೆದುಕೊಂಡು, ಸೋಡಿಯಂಗೆ ಜಾಗ ಬಿಟ್ಟುಕೊಡುತ್ತದೆ. ಸೋಡಿಯಂ ತುಂಬಿದ ಮಣ್ಣು ನೀರು ಬಿದ್ದಾಗ ಅಂಟು, ಒಣಗಿದಾಗ ಸಿಮೆಂಟು. ಹಿರಿಯೂರು ಕಡೆಯ ಕಪ್ಪು ಎರೆ ಭೂಮಿಯಲ್ಲಿ ಇದರ ಪೆಟ್ಟು ಬೇಗ ಕಾಣುತ್ತದೆ. ಹೊಸದುರ್ಗ, ಹೊಳಲ್ಕೆರೆಯ ಕೆಂಪು ನೆಲ ಸ್ವಲ್ಪ ತಡೆದುಕೊಳ್ಳುತ್ತದೆ. ಬೆಳೆಯಲ್ಲೂ ಭೇದ ಇದೆ. ತೆಂಗು ಉಪ್ಪನ್ನು ನುಂಗಿಕೊಳ್ಳುತ್ತದೆ, ಈರುಳ್ಳಿ ಬೇಗ ಮುನಿಸಿಕೊಳ್ಳುತ್ತದೆ. ಮದ್ದು ಇದೆ: ಜಿಪ್ಸಂ. ವರದಿಯ ಲೆಕ್ಕ ನೋಡಿ ಹಾಕಬೇಕು. ಚಿಕ್ಕಪ್ಪ ಹಾಕುತ್ತಿದ್ದಾನೆ, ಬೈದುಕೊಂಡು.

ಗಮನಿಸಿ, ಅಡುಗೆಮನೆಯ ಫ್ಲೋರೈಡು, ಹೊಲದ ಸೋಡಾ ಬೇರೆ ಬೇರೆ ರೋಗವಲ್ಲ. ಒಂದೇ ನೀರಿನ ಎರಡು ಮುಖ. ಆದರೆ ನಮ್ಮಲ್ಲಿ ಕುಡಿಯುವ ನೀರು ಒಂದು ಇಲಾಖೆ, ಬೇಸಾಯದ ನೀರು ಇನ್ನೊಂದು ಇಲಾಖೆ. ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣುವುದಿಲ್ಲ. ಸಾಲಕ್ಕೆಂದು ಮಾಡಿಸಿದ ಪರೀಕ್ಷೆಯಿಂದ ನಮ್ಮ ಮನೆಯ ಮಕ್ಕಳ ಹಲ್ಲು ಉಳಿಯಿತು. ಸಾಲ ಬೇಡದಿದ್ದರೆ?

ಈಗ ಪರೀಕ್ಷೆ ಮಾಡಿಸುವುದು ಕಷ್ಟವಿಲ್ಲ. ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯಗಳಿವೆ. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಪ್ರತಿ ಹಳ್ಳಿಯ ಐದು ಮಂದಿ ಹೆಣ್ಣುಮಕ್ಕಳಿಗೆ ಕಿಟ್ ಬಳಸಲು ಕಲಿಸುವ ಯೋಜನೆಯೂ ಇದೆ. ಫ್ಲೋರೈಡ್ ಕಿಟ್ಟಿನಲ್ಲಿ ದ್ರಾವಣ ಹಾಕಿದಾಗ ಗುಲಾಬಿ ಬಣ್ಣ ಹಳದಿ ಕಡೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಲ್ಯಾಬಿಗೆ ಕೊಡುವುದಾದರೆ ಮೋಟರನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕಂಠಪೂರ್ತಿ ತುಂಬಿ, ದಿನಾಂಕ, ಬೋರಿನ ಆಳ ಬರೆದು ಕೊಡಿ. ಎಣ್ಣೆ ಬಾಟಲಿ, ತಂಪು ಪಾನೀಯದ ಬಾಟಲಿ ಬೇಡ. ಮತ್ತೆ ಪಕ್ಕದ ಹೊಲದವರ ವರದಿ ನಿಮ್ಮದಲ್ಲ. ಬಿರುಕು ಬೇರೆ, ನೀರು ಬೇರೆ.

ಕ್ರಿಮಿಗಳಿಗೆ ಬೇರೆಯೇ ಪರೀಕ್ಷೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದವರು 1982ರಲ್ಲಿ ಪ್ರಕಟಿಸಿದ ಸರಳ ವಿಧಾನವಿದೆ. ಸಣ್ಣ ಸೀಸೆಗೆ ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲಿನವಾಗಿದೆ ಎಂದರ್ಥ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, 2023ರ ಆಗಸ್ಟಿನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದು ನಲ್ಲಿಯಲ್ಲಿ ಬಂದ ನೀರು. ಫ್ಲೋರೈಡ್ ಮೂವತ್ತು ವರ್ಷಕ್ಕೆ ಮಾಡುವುದನ್ನು ಕ್ರಿಮಿ ಮೂರು ದಿನಕ್ಕೆ ಮಾಡುತ್ತದೆ.

ನಮ್ಮೂರಲ್ಲೂ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಆದರೆ ಜನ ಕ್ಯಾನಿನ ನೀರು ಕುಡಿಯೋದಕ್ಕೆ ಮಾತ್ರ ಇಟ್ಟುಕೊಂಡು ಅನ್ನ, ಸಾರು, ಮುದ್ದೆಗೆಲ್ಲ ಬೋರ್ ನೀರೇ ಬಳಸುತ್ತಾರೆ. ಸಾರಿನ ಜೊತೆ ಫ್ಲೋರೈಡೂ ಹೊಟ್ಟೆಗೆ ಹೋಗುತ್ತದೆ. ಘಟಕದವರು ಬೇರ್ಪಡಿಸಿದ ಗಟ್ಟಿ ನೀರು ಮೋರಿಗೆ ಹೋಗಿ ಮತ್ತೆ ನೆಲಕ್ಕೇ ಇಳಿಯುತ್ತದೆ.

2022ರ ಮಳೆಗೆ ನಮ್ಮೂರ ಹಳೆಯ ಸವುಳು ಬಾವಿಯಲ್ಲೂ ನೀರು ಕಂಡಿತು. (ಸಿಹಿನೀರು ಬಾವಿಯನ್ನು ಎಂದೋ ಮುಚ್ಚಿ ಅದರ ಮೇಲೆ ಬಸ್ ಶೆಲ್ಟರ್ ಕಟ್ಟಿದ್ದಾರೆ.) ತಡೆಯಲಾರದೆ ಒಂದು ಬಾಟಲಿ ತುಂಬಿಸಿ ಕೊಟ್ಟೆ. ಗಡಸುತನ ನಿರೀಕ್ಷೆಯಂತೆ ಜೋರಾಗಿತ್ತು. ಫ್ಲೋರೈಡ್? 1ಕ್ಕಿಂತ ಕಡಿಮೆ! ಅಜ್ಜಿ ಜೀವಮಾನವೆಲ್ಲ ಬೈದ ಬಾವಿ. ಆದರೆ ಸಂಭ್ರಮ ಪಡುವಂತಿಲ್ಲ, ನೈಟ್ರೇಟ್ 45ರ ಮಿತಿ ದಾಟಿತ್ತು. ಸುತ್ತಲೂ ತಿಪ್ಪೆಗುಂಡಿ, ಈಚೆಗೆ ಯೂರಿಯಾ ಬೇರೆ.

ಎರಡೂ ವರದಿಯನ್ನು ಜಗಲಿ ಮೇಲೆ ಹರಡಿಕೊಂಡು ಓದಿ ಹೇಳಿದೆ. ಚಿಕ್ಕಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಾ, "ಅದೂ ಬ್ಯಾಡ, ಇದೂ ಬ್ಯಾಡ, ಹಂಗಾರೆ ಕುಡಿಯೋದು ಯಾವುದ್ಲಾ?" ಎಂದ. ನಾನು ಕೋಟೆಯ ಹೊಂಡದ ಕತೆ, ಬಂಡೆ ಮೇಲಿನ ಮಳೆನೀರಿನ ಕತೆ ಹೇಳಿದೆ. ಚಿಕ್ಕಮ್ಮ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದವಳು ಹೊರಗೆ ಬಂದು, ಆರ್‌ಸಿಸಿ ಮೇಲೆ ಬಿದ್ದ ನೀರನ್ನು ಡ್ರಮ್ಮಿಗೆ ಇಳಿಸೋಕೆ ಎಷ್ಟು ಪೈಪು ಬೇಕಾಗುತ್ತದೆ ಎಂದು ಕೇಳಿದಳು. ಅಳತೆ ಟೇಪು ಹುಡುಕಿಕೊಂಡು ಮೇಲೆ ಹತ್ತಿದೆವು.